ಒಲೆಯ ಮೇಲೆ ಮಗುವಿನ ಬಟ್ಟೆ

ಆಟಿ ತಿಂಗಳ ಜಡಿಮಳೆಯಲ್ಲಿ ಮಗು ಹುಟ್ಟಿದ ಮನೆಯಲ್ಲಿ ಅಡುಗೆಗಿಂತ ದೊಡ್ಡ ಕೆಲಸ ಬಟ್ಟೆ ಒಣಗಿಸುವುದು. ಒಂದು ತುಂಡು ಬದಲಿಸುವಷ್ಟರಲ್ಲಿ ಇನ್ನೊಂದು ಒದ್ದೆ. ಹೊರಗೆ ಬಿಸಿಲಿಲ್ಲ. ಹಗ್ಗಕ್ಕೆ ಹಾಕಿದ ಬಟ್ಟೆ ಒಣಗುವ ಮೊದಲೇ ಬೂಷ್ಟು ಹಿಡಿದು ನಾರುತ್ತದೆ. ಮಗುವಿಗೆ ಸುತ್ತಲು ಎಷ್ಟು ಹಳೆಯ ಪಂಚೆ ಹರಿದರೂ ಸಾಲದು.

ಪೆರಾಬೆಯ ತಿಮ್ಮಕ್ಕನ ಮನೆಯಲ್ಲಿ ಆ ವರ್ಷ ಇದೇ ಕಷ್ಟ. ಮಗಳು ಪೂವಮ್ಮ ಚೊಚ್ಚಲ ಹೆರಿಗೆಗೆಂದು ಸುಳ್ಯದ ಕಡೆಯ ಗಂಡನ ಮನೆಯಿಂದ ಬಂದಿದ್ದಳು. ಹೆಣ್ಣು ಮಗು ಹುಟ್ಟಿತ್ತು. ಬಾಣಂತಿಯ ಆರೈಕೆ, ಮಗುವಿನ ಸ್ನಾನ, ಬಟ್ಟೆ ಎಲ್ಲವೂ ತಿಮ್ಮಕ್ಕನದೇ. ಬೇರೆಯವರು ಮುಟ್ಟಿದರೆ ಅವಳಿಗೆ ಸಮಾಧಾನವಿರಲಿಲ್ಲ.

ಮನೆಗೆ ಹಂಚಿನ ಮಾಡು. ಬಚ್ಚಲಿಗೆ ಮಾತ್ರ ಮುಳಿಹುಲ್ಲು. ಒಳಗೆ ನೀರು ಕಾಯಿಸುವ ದೊಡ್ಡ ಹಂಡೆ, ಅದರ ಒಲೆ. ಒಲೆಯ ನೇರ ಮೇಲೆ ತೆಂಗಿನ ನಾರಿನ ಹಗ್ಗದಲ್ಲಿ ಒಂದು ಬಿದಿರಿನ ತಟ್ಟಿಯನ್ನು ತೂಗಹಾಕಿದ್ದರು. ಮಳೆಗಾಲದಲ್ಲಿ ಬಟ್ಟೆ ಒಣಗುವುದು ಆ ತಟ್ಟಿಯ ಮೇಲೆ. ಕೆಳಗಿನಿಂದ ಬಿಸಿ ಬರುತ್ತದೆ, ಹೊಗೆಯೂ ಬರುತ್ತದೆ. ವರ್ಷಗಳ ಹೊಗೆಗೆ ತಟ್ಟಿಯ ಅಡಿಯಲ್ಲಿ ಇಲ್ಲಣ ಕಟ್ಟಿತ್ತು. ಜೇಡರ ಬಲೆಗೆ ಮಸಿ ಹಿಡಿದು, ಅದಕ್ಕೆ ಬಟ್ಟೆಯ ನೂಲಿನ ಧೂಳು ಅಂಟಿ, ಕಪ್ಪು ಗಡ್ಡದ ಹಾಗೆ ಜೋತಾಡುತ್ತಿತ್ತು.

ಇದು ಆ ಒಂದು ಮನೆಯ ಕಥೆಯಲ್ಲ. ಎಲ್ಲರ ಬಚ್ಚಲೂ ಹಾಗೆಯೇ ಇತ್ತು.

ಬ್ಲಾಕ್ ಆಫೀಸಿನಿಂದ ಹಳ್ಳಿಗಳಿಗೆ ಬರುವ ಗ್ರಾಮಸೇವಿಕೆ ಪ್ರೇಮಾವತಿ ಒಂದು ಬೆಳಿಗ್ಗೆ ಬಾಣಂತಿಯನ್ನು ನೋಡಲು ಬಂದಳು. ಇನ್ನೂ ಮದುವೆಯಾಗದ ಹುಡುಗಿ. ಮಾತು ನೇರ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವಳು ತಲೆಯೆತ್ತಿ ನೋಡಿ ಅಲ್ಲೇ ನಿಂತಳು.

"ತಿಮ್ಮಕ್ಕ, ಇದೆಂತ ಇದು? ಒಲೆ ಮೇಲೆ ಇಷ್ಟು ಬಟ್ಟೆ?"

"ಮಗುವಿನದ್ದು. ಮತ್ತೆಲ್ಲಿ ಒಣಗಿಸುದು, ಆಕಾಶದಲ್ಲಾ?"

ಪ್ರೇಮಾವತಿ ಒಂದು ತುಂಡು ತೆಗೆದು ಮೂಸಿ ನೋಡಿದಳು. "ಒಗೆದ ಮೇಲೂ ಎಣ್ಣೆ ಜಿಡ್ಡು ಉಂಟಲ್ಲ."

"ಇಲ್ಲದೆ ಇರ್ತದಾ? ದಿನಾ ಎಣ್ಣೆ ಹಚ್ಚಿ ಮೀಯಿಸುದು. ಎಣ್ಣೆ ಇದ್ದರೆ ಬಟ್ಟೆ ಮೆತ್ತಗೆ. ಮಗುವಿನ ಚರ್ಮಕ್ಕೆ ಒಳ್ಳೆದು."

ಪ್ರೇಮಾವತಿ ಮೂಲೆಯ ಚಿಂದಿಯಿಂದ ಎರಡು ಎಳೆ ಹರಿದಳು. ಒಂದನ್ನು ಎಣ್ಣೆಯ ಗಿಂಡಿಗೆ ಅದ್ದಿ ಹಿಂಡಿದಳು. ಎರಡನ್ನೂ ಕೆಂಡಕ್ಕೆ ಹಿಡಿದಳು. ಒಣಗಿದ ಎಳೆ ಹೊಗೆಯಾಡಿ ನಿಧಾನಕ್ಕೆ ಕರಟಿತು. ಎಣ್ಣೆಯ ಎಳೆ ಭಗ್ಗೆಂದು ಹತ್ತಿಕೊಂಡಿತು.

"ನೋಡಿದಿರಾ?"

ತಿಮ್ಮಕ್ಕ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಎಣ್ಣೆ ಹಾಕಿದ ಬತ್ತಿ ಉರಿತದೆ ಅಂತ ಹೇಳ್ಲಿಕ್ಕೆ ನಿಮಗೆ ಸರ್ಕಾರ ಸಂಬಳ ಕೊಡುದಾ?"

"ಅಷ್ಟು ಗೊತ್ತಿದ್ದವರು ಬತ್ತಿಯನ್ನೇ ಒಲೆ ಮೇಲೆ ಒಣಗ್ಲಿಕ್ಕೆ ಹಾಕಿದ್ದೀರಲ್ಲ!"

ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ತಿಮ್ಮಕ್ಕನ ಗಂಡ ಕುಕ್ಕಪ್ಪ ಜೋರಾಗಿ ನಕ್ಕ. ತಿಮ್ಮಕ್ಕ ಅತ್ತ ತಿರುಗಿದಳು.

"ನೀವು ಎಂತಕ್ಕೆ ಹಲ್ಲು ಬಿಡುದು? ಕಟ್ಟಿಗೆ ಒಡೆದು ಆಯ್ತಾ?"

ಕುಕ್ಕಪ್ಪ ಎಲೆಯನ್ನು ಬಾಯಿಗೆ ತುಂಬಿಕೊಂಡ. ಮಾತಾಡುವ ಅಪಾಯ ತಪ್ಪಿತು.

"ಆ ಇಲ್ಲಣವನ್ನಾದರೂ ಗುಡಿಸಿ ತೆಗೀರಿ," ಎಂದಳು ಪ್ರೇಮಾವತಿ.

"ಹೊಗೆಯ ಕರಿ ಇದ್ದರೆ ಬಿದಿರಿಗೆ ಹುಳ ಬೀಳುದಿಲ್ಲ. ಈ ತಟ್ಟಿ ನಾನು ಮದುವೆಯಾಗಿ ಬರುವಾಗಲೇ ಇತ್ತು, ಗೊತ್ತುಂಟಾ? ನನ್ನ ಅತ್ತೆಯೂ ಇದರಲ್ಲೇ ಒಣಗಿಸಿದ್ದು."

"ಬಿಸಿಲು ಬಿದ್ದ ದಿನ ಅಂಗಳದಲ್ಲಿ ಹಾಕಬಹುದಲ್ಲ?"

"ಹಾಕಿ, ಮೇಲೆ ಹಕ್ಕಿ ಹಾರಿ, ನೆರಳು ಬಿದ್ದು, ಮಗು ಸೊರಗ್ಲಿಕ್ಕಾ? ಹೆರದವರು ಬಾಣಂತನ ಕಲಿಸ್ಲಿಕ್ಕೆ ಬರಬಾರದು ಮಾರಾಯ್ತಿ. ಬನ್ನಿ, ಕಾಫಿ ಕುಡೀರಿ."

ಪ್ರೇಮಾವತಿಯ ಮುಖ ಕೆಂಪಾಯಿತು. ಕಾಫಿ ಕುಡಿದಳು. ಹೊರಡುವಾಗ, "ಆ ತಟ್ಟಿ ಇಳಿಸಿ ತಿಮ್ಮಕ್ಕ, ಒಲೆ ಮೇಲೆ ಬೇಡ," ಎಂದು ಇನ್ನೊಮ್ಮೆ ಹೇಳಿದಳು. ಹೇಳಿದ್ದು ಸರಿಯೇ. ಆದರೆ ತಟ್ಟಿ ಇಳಿಸಿದರೆ ಬಟ್ಟೆ ಎಲ್ಲಿ ಒಣಗಿಸಬೇಕೆಂದು ಹೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ತಿಮ್ಮಕ್ಕ ಹಟಮಾರಿ ಎಂದು ನಗುವ ಮೊದಲು ಒಂದು ವಿಷಯ ತಿಳಿದಿರಲಿ. ಅವಳು ನಾಲ್ಕು ಮಕ್ಕಳನ್ನು ಹೆತ್ತವಳು. ಎರಡು ಹಸುಗೂಸುಗಳು ಮಳೆಗಾಲದಲ್ಲೇ ಹೋದವು. ಎರಡಕ್ಕೂ ಥಂಡಿ, ಕಫ. ಒಣಗಿದ ಬಟ್ಟೆ ಸಾಕಷ್ಟು ಇದ್ದಿದ್ದರೆ ಉಳಿಯುತ್ತಿದ್ದವೋ ಏನೋ ಎಂಬ ಯೋಚನೆ ಅವಳನ್ನು ಬಿಟ್ಟಿರಲಿಲ್ಲ. ಆದ್ದರಿಂದ ಮೊಮ್ಮಗಳ ಬಟ್ಟೆ ಬೆಚ್ಚಗಿರಬೇಕು. ತಟ್ಟಿಯ ಮೇಲೆ ಒಂದರ ಮೇಲೊಂದು ಹೇರುವುದು, ಬಿಸಿಬಿಸಿಯಾಗಿ ಇಳಿಸಿ ಗಂಟು ಕಟ್ಟಿ ತೊಟ್ಟಿಲ ಬಳಿ ಇಡುವುದು, ಎಲ್ಲವೂ ಆ ಹೆದರಿಕೆಯಿಂದ. ಬೆಂಕಿಯ ಹೆದರಿಕೆ ಅವಳಿಗೆ ಇರಲಿಲ್ಲ. ಬೆಂಕಿ ಅವಳ ಮಕ್ಕಳನ್ನು ಕೊಂದಿರಲಿಲ್ಲ.

ಮರುವಾರ ಒಂದು ಬೆಳಿಗ್ಗೆ ಮಗುವಿನ ಸ್ನಾನಕ್ಕೆ ನೀರು ಕಾಯುತ್ತಿತ್ತು. ಸೌದೆ ಹಸಿ. ಹೊಗೆ ಮಾತ್ರ, ಉರಿ ಇಲ್ಲ.

"ಇದೆಂತ ಕಟ್ಟಿಗೆ ತಂದದ್ದು ನೀವು? ಮಗು ಹಸಿವಾಗಿ ಕೂಗ್ತಾ ಉಂಟು, ನೀರು ಇನ್ನೂ ತಣ್ಣಗೆ!" ಎಂದು ತಿಮ್ಮಕ್ಕ ಕೂಗಿದಳು. ಕುಕ್ಕಪ್ಪ ಕೊಟ್ಟಿಗೆಯಿಂದ ಎರಡು ಒಣ ಮಡಲು ಎಳೆದು ತಂದು ಒಲೆಗೆ ತುರುಕಿ ಹೋದ. ತೆಂಗಿನ ಮಡಲಿಗೆ ಬೆಂಕಿ ಬೇಗ ಹತ್ತುತ್ತದೆ. ಕಿಡಿಯೂ ಹಾರುತ್ತದೆ. ಅವನಿಗೆ ಅದು ಗೊತ್ತಿತ್ತು. ಆದರೆ ಕೂಗುವ ಹೆಂಡತಿಯ ಎದುರು ಅದು ನೆನಪಾಗಲಿಲ್ಲ.

ಮಗುವನ್ನು ಮೀಯಿಸುವ ಕ್ರಮ ನಿಮಗೆ ಗೊತ್ತೇ ಇದೆ. ತಿಮ್ಮಕ್ಕ ನೆಲದ ಮೇಲೆ ಎರಡೂ ಕಾಲು ನೀಡಿ ಕೂತು, ಮಗುವನ್ನು ಮೊಣಕಾಲಿನಿಂದ ಕೆಳಗೆ, ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಹಾಗೆ ಕೂತವರಿಗೆ ಬೇಗ ಏಳಲು ಆಗುವುದಿಲ್ಲ. ಕೈಯಲ್ಲಿ ಎಣ್ಣೆ, ಕಾಲಲ್ಲಿ ಮಗು, ನೆಲದಲ್ಲಿ ಜಾರುವ ನೀರು.

ಪಕ್ಕದ ಮನೆಯ ಅಲೀಮಮ್ಮ ಮಗುವನ್ನು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ಗಂಡ ಅದ್ರಾಮನಿಗೆ ಪೇಟೆಯಲ್ಲಿ ಸಣ್ಣ ಅಂಗಡಿ. ಎರಡು ಮನೆಗಳ ನಡುವಿನ ಬೇಲಿಯಲ್ಲಿ ದಾಟಲು ಒಂದು ತಡಮೆ. ಹೆಂಗಸರಿಬ್ಬರಿಗೂ ದಿನಕ್ಕೊಮ್ಮೆ ಅದನ್ನು ದಾಟದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

"ಮೂಗು ಎಳೀಬೇಡ ತಿಮ್ಮಕ್ಕ, ನಿನ್ನ ಮೂಗಿನ ಹಾಗೆ ಉದ್ದ ಆದೀತು," ಎಂದಳು ಅಲೀಮಮ್ಮ.

"ಉದ್ದ ಆದರೆ ಆಗ್ಲಿ. ನಿನ್ನದರ ಹಾಗೆ ಚಟ್ಟೆ ಆಗದಿದ್ದರೆ ಸಾಕು."

ಅಲೀಮಮ್ಮ ನಗಲು ಬಾಯಿ ತೆರೆದವಳು ಕಿರುಚಿದಳು. "ತಿಮ್ಮಕ್ಕಾ, ಮೇಲೆ!"

ಮಡಲಿನ ಕಿಡಿ ತಟ್ಟಿಯ ಅಂಚಿನಲ್ಲಿ ಜೋತ ಒಂದು ತುಂಡಿಗೆ ಹತ್ತಿತ್ತು. ಎಣ್ಣೆಯ ಬಟ್ಟೆ. ಅಲ್ಲಿಂದ ಇಲ್ಲಣಕ್ಕೆ ಹಿಡಿಯಿತು. ಮಸಿಯ ಎಳೆಗಳಲ್ಲಿ ಬೆಂಕಿ ಓಡಿತು. ನಾರಿನ ಹಗ್ಗದ ಒಂದು ಕೊನೆ ಕಡಿದುಹೋಯಿತು. ತಟ್ಟಿ ವಾಲಿ, ಉರಿಯುವ ಬಟ್ಟೆಗಳು ಕೆಳಗೆ ಜಾರಿದವು.

ತಿಮ್ಮಕ್ಕ ಏಳಲಿಲ್ಲ. ಏಳಲು ಆಗಲೂ ಇಲ್ಲ. ಬಗ್ಗಿ ಮಗುವಿನ ಮೇಲೆ ಕವುಚಿಕೊಂಡಳು. ಉರಿಯುವ ಪಂಚೆಯ ತುಂಡೊಂದು ಅವಳ ಹೆಗಲ ಮೇಲೆ ಬಿತ್ತು.

ಅಲೀಮಮ್ಮ ಒಳಗೆ ನುಗ್ಗಿದಳು. ಹೆಗಲ ಮೇಲಿನ ಬೆಂಕಿಯನ್ನು ಕೈಯಿಂದಲೇ ಬಡಿದು ಕೆಳಗೆ ಹಾಕಿದಳು. ತಿಮ್ಮಕ್ಕನ ಎದೆಯಡಿಯಿಂದ ಮಗುವನ್ನು ಎಳೆದುಕೊಂಡಳು. ಎಣ್ಣೆಯ ಮಗು ಕೈಯಿಂದ ಜಾರುತ್ತಿತ್ತು. ತಲೆವಸ್ತ್ರದಲ್ಲಿ ಸುತ್ತಿ ಅಪ್ಪಿಕೊಂಡು ಹೊರಗೆ ಓಡಿದಳು. ಬಾಣಂತಿ ಕೋಣೆಯಿಂದ ಓಡಿಬಂದ ಪೂವಮ್ಮನ ಕೈಗೆ ಮಗುವನ್ನು ಕೊಟ್ಟು, ಮತ್ತೆ ಒಳಗೆ ಹೋಗಿ ತಿಮ್ಮಕ್ಕನ ರಟ್ಟೆ ಹಿಡಿದು ಎಳೆದು ತಂದಳು.

ಅಷ್ಟರಲ್ಲಿ ಮಾಡಿಗೆ ಹಿಡಿದಿತ್ತು. ಮಳೆಗೆ ಮುಳಿಹುಲ್ಲಿನ ಮೇಲ್ಬದಿ ನೆನೆದಿತ್ತು ನಿಜ. ಒಳಬದಿ ಹೊಗೆಗೆ ಒಣಗಿ ಗರಿಗರಿಯಾಗಿತ್ತು. ಕುಕ್ಕಪ್ಪ ಕಾಯಿ ಕೀಳುವ ದೋಟಿಯ ಕೊಕ್ಕೆ ಹಾಕಿ ಉರಿಯುವ ಹುಲ್ಲನ್ನು ಅಂಗಳಕ್ಕೆ ಎಳೆದು ಹಾಕಿದ. ಅದ್ರಾಮ ತಡಮೆ ಹಾರಿ ಬಂದು ಕೊಡಪಾನದಿಂದ ನೀರು ಹೊಯ್ದ. ಮನೆಯ ಹಂಚಿನ ಮಾಡಿಗೆ ಬೆಂಕಿ ತಲುಪಲಿಲ್ಲ. ಬಚ್ಚಲಿನ ಅರ್ಧ ಮಾಡು ಹೋಯಿತು. ಮಗುವಿನ ಬಟ್ಟೆ ಒಂದೂ ಉಳಿಯಲಿಲ್ಲ.

ಮಗುವಿಗೆ ಏನೂ ಆಗಿರಲಿಲ್ಲ. ಎಣ್ಣೆಯ ಮೈಯಲ್ಲಿ, ತಾಯಿಯ ಎದೆಯಲ್ಲಿ ಹಾಲು ಕುಡಿಯುತ್ತಿತ್ತು.

ತಿಮ್ಮಕ್ಕನ ಹೆಗಲು ಸುಟ್ಟಿತ್ತು. "ತೆಂಗಿನೆಣ್ಣೆ ಹಚ್ಚು," ಎಂದಳು ಹಲ್ಲು ಕಚ್ಚಿ.

"ಎಣ್ಣೆಯ ಹೆಸರು ಎತ್ತಬೇಡ ಇವತ್ತು," ಎಂದ ಅಲೀಮಮ್ಮ ತನ್ನ ಅಂಗೈಯನ್ನೂ ತಿಮ್ಮಕ್ಕನ ಹೆಗಲನ್ನೂ ತಣ್ಣೀರಿನಲ್ಲಿ ನೆನೆಸುತ್ತಾ ಕೂತಳು. ಉರಿ ಕಡಿಮೆಯಾಗುವವರೆಗೂ ನೀರು ಹೊಯ್ದಳು. ಆಮೇಲೆ ಶುಭ್ರ ಬಟ್ಟೆ ಮುಚ್ಚಿ, ಗಂಡಂದಿರು ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಣ್ಣೆ, ಬೂದಿ, ಏನನ್ನೂ ಹಚ್ಚದೆ ತಣ್ಣೀರು ಹಾಕಿ ತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು.

ಸುದ್ದಿ ಕೇಳಿ ಮಧ್ಯಾಹ್ನ ಪ್ರೇಮಾವತಿ ಬಂದಳು. ತಿಮ್ಮಕ್ಕ ಜಗಲಿಯ ಚಾಪೆಯಲ್ಲಿ ಮಗ್ಗುಲಾಗಿ ಮಲಗಿದ್ದಳು. ಅಲೀಮಮ್ಮ ಪಕ್ಕದಲ್ಲಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಬನ್ನಿ," ಎಂದಳು ತಿಮ್ಮಕ್ಕ. "ಬೈಲಿಕ್ಕೆ ಬಂದದ್ದಾದರೆ ಬೇಗ ಬೈದು ಮುಗಿಸಿ. ಆಮೇಲೆ ಒಂದು ಹೇಳಿ. ಇವತ್ತು ಸಂಜೆಗೆ ಮಗುವಿಗೆ ಎಂತ ಸುತ್ತುದು?"

ಪ್ರೇಮಾವತಿ ಚಪ್ಪಲಿ ಬಿಟ್ಟು ಜಗಲಿ ಹತ್ತಿದಳು.

"ಒಲೆ ಮೇಲೆ ಬೇಡ ಅಂದಿರಿ. ಸರಿ, ಬೇಡ. ಹೊರಗೆ ಮಳೆ. ಹಾಗಾದರೆ ಎಲ್ಲಿ? ಒದ್ದೆ ಬಟ್ಟೆ ಸುತ್ತಿ ನಾನು ಎರಡು ಕಳಕೊಂಡಿದ್ದೇನೆ. ಇದನ್ನೂ ಕಳಕೊಳ್ಳುದಾ?"

ಆ ಎರಡರ ಮಾತನ್ನು ಅವಳು ಹೊರಗಿನವರ ಎದುರು ಎಂದೂ ಆಡಿದವಳಲ್ಲ. ಕುಕ್ಕಪ್ಪ ಎದ್ದು ಅಂಗಳಕ್ಕೆ ಇಳಿದ.

ಪ್ರೇಮಾವತಿ ಚಾಪೆಯ ಪಕ್ಕ ನೆಲದಲ್ಲೇ ಕೂತಳು. "ನಂಗೆ ಇದು ಗೊತ್ತಿರ್ಲಿಲ್ಲ ತಿಮ್ಮಕ್ಕ. ಅವತ್ತೇ ಕೇಳಬೇಕಿತ್ತು. ಈಗ ನಾವೇ ಒಂದು ದಾರಿ ಹುಡುಕುವ."

"ಇವತ್ತಿನದ್ದು ನಾನು ನೋಡ್ತೇನೆ," ಎಂದಳು ಅಲೀಮಮ್ಮ. "ನಮ್ಮ ಪೆಟ್ಟಿಗೆಯಲ್ಲಿ ಹಳೆ ಬಿಳಿ ಮುಂಡು ಬೇಕಾದಷ್ಟು ಉಂಟು. ನಮ್ಮ ಮನೆಯದ್ದು ಆಗ್ತದಾ ನಿಮಗೆ?"

"ಒಣಗಿದ್ದಾ?"

"ಒಣಗಿದ್ದೇ."

"ಹಾಗಾದರೆ ಮಾತಾಡ್ತಾ ಎಂತ ಕೂತದ್ದು? ತರಿಸು."

ನಾಳೆಯ ಪ್ರಶ್ನೆ ಉಳಿಯಿತು. ಕುಕ್ಕಪ್ಪ ಅಂಗಳದಿಂದ ಕೂಗಿದ. "ಒಮ್ಮೆ ಇಲ್ಲಿ ಬನ್ನಿ ಮಾರಾಯ್ರೆ, ಬಚ್ಚಲಿನ ಹಿಂದೆ!"

ಬಚ್ಚಲಿನ ಒಲೆಯ ಹಿಂದಿನ ಮಣ್ಣಿನ ಗೋಡೆಯ ಆಚೆಗೆ ಹಂಚಿನ ಮಾಡಿನ ಒಂದು ಓಣಿ ಇತ್ತು. ನೊಗ, ನೇಗಿಲು ಇಡುವ ಜಾಗ. ಅಲ್ಲಿ ಮನೆಯ ನಾಯಿ ಗೋಡೆಗೆ ಬೆನ್ನು ಕೊಟ್ಟು ಮಲಗಿತ್ತು. ಅದರ ಮೈಯಲ್ಲಿ ಒಂದು ಹನಿ ನೀರಿಲ್ಲ.

"ಆಟಿ ಹಿಡಿದರೆ ಇದು ಈ ಜಾಗ ಬಿಟ್ಟು ಏಳುದಿಲ್ಲ. ಗೋಡೆ ಮುಟ್ಟಿ ನೋಡಿ," ಎಂದ ಕುಕ್ಕಪ್ಪ.

ಪ್ರೇಮಾವತಿ ಮುಟ್ಟಿದಳು. ಬೆಳಗ್ಗಿನ ಒಲೆಯ ಬಿಸಿ ಗೋಡೆಯಲ್ಲಿ ಇನ್ನೂ ಇತ್ತು. ಬಿಸಿ ಉಂಟು, ಉರಿ ಇಲ್ಲ, ಕಿಡಿ ಇಲ್ಲ, ಹೊಗೆ ಇಲ್ಲ. ಮೇಲೆ ಹಂಚು ಇದ್ದುದರಿಂದ ಹಕ್ಕಿಯ ನೆರಳಿನ ತಕರಾರೂ ಇಲ್ಲ.

"ನಾಯಿಗೆ ಇಷ್ಟು ವರ್ಷದಿಂದ ಗೊತ್ತಿತ್ತು," ಎಂದಳು ತಿಮ್ಮಕ್ಕ, ಮಲಗಿದಲ್ಲಿಂದಲೇ ಸುದ್ದಿ ಕೇಳಿ. "ಈ ಗಂಡಸಿಗೆ ಇವತ್ತು ಗೊತ್ತಾಯ್ತು."

ಅದ್ರಾಮ ಬೇಲಿಗೆಂದು ತಂದು ಉಳಿದಿದ್ದ ಕಬ್ಬಿಣದ ತಂತಿ ಕೊಟ್ಟ. ಗೋಡೆಗೆ ತಾಗದ ಹಾಗೆ, ಗೇಣು ದೂರದಲ್ಲಿ, ಎರಡು ಸಾಲು ತಂತಿ ಬಿಗಿದರು. ಬಟ್ಟೆ ಒಗೆಯುವ ಕ್ರಮವನ್ನು ಪ್ರೇಮಾವತಿ ಪೂವಮ್ಮನಿಗೆ ಹೇಳಿಕೊಟ್ಟಳು. ಎಣ್ಣೆ ಒರೆಸಿದ ಬಟ್ಟೆಯನ್ನು ಮಗುವಿಗೆ ಸುತ್ತುವ ಬಟ್ಟೆಯೊಡನೆ ಸೇರಿಸಬಾರದು. ಅಂಟುವಾಳಕಾಯಿಯ ನೊರೆ ಹಾಕಿ ಬಿಸಿನೀರಲ್ಲಿ ಒಗೆದು, ಜಿಡ್ಡು ಪೂರ್ತಿ ಬಿಡಬೇಕು. ಗಟ್ಟಿಯಾಗಿ ಹಿಂಡಿ, ಮೊದಲು ಜಗಲಿಯಲ್ಲಿ ನೀರಿಳಿಸಿ, ಆಮೇಲೆ ತಂತಿಗೆ ಒಂದೊಂದಾಗಿ ಹರಡಬೇಕು.

"ಒಂದರ ಮೇಲೊಂದು ಹೇರಿದರೆ ನಡುವಿನದ್ದು ಒಣಗುದೇ ಇಲ್ಲ," ಎಂದಳು ಪ್ರೇಮಾವತಿ. "ಬಿಸಿ ಬಟ್ಟೆಯನ್ನು ಗಂಟು ಕಟ್ಟುದೂ ಬೇಡ. ಎಣ್ಣೆ ಇದ್ದರೆ ಗಂಟಿನ ಒಳಗೊಳಗೇ ಕಾಯ್ತದೆ. ಕೊಡವಿ, ತಣಿಸಿ, ಮಡಚಿ ಇಡಿ."

"ಅವ್ವ, ಕೇಳಿತಾ?" ಎಂದು ಪೂವಮ್ಮ ಜಗಲಿಯ ಕಡೆಗೆ ಕೂಗಿದಳು.

"ಸುಟ್ಟದ್ದು ಹೆಗಲು, ಕಿವಿ ಅಲ್ಲ."

ಮೊದಲ ದಿನದ ಬಟ್ಟೆಗಳನ್ನು ತಿಮ್ಮಕ್ಕ ತಾನೇ ಪರೀಕ್ಷಿಸಿದಳು. ಸಂಜೆ ಒಂದು ತುಂಡನ್ನು ಕೆನ್ನೆಗೆ ಒತ್ತಿದಳು. ಮಡಿಕೆ ಬಿಡಿಸಿ ಅಂಚನ್ನು ಹಿಸುಕಿದಳು. ಮೂಸಿದಳು. ಹೊಗೆಯ ವಾಸನೆ ಇರಲಿಲ್ಲ. ಎಲ್ಲರೂ ಅವಳ ಮುಖ ನೋಡುತ್ತಿದ್ದರು.

"ಒಣಗಿದೆ," ಎಂದಳು. ಅದನ್ನೇ ಮಗುವಿಗೆ ಸುತ್ತಿದಳು.

ಬಚ್ಚಲಿಗೆ ಹೊಸ ಮಾಡು ಹೊದಿಸುವಾಗ ಕುಕ್ಕಪ್ಪ ಅದನ್ನು ಎತ್ತರಿಸಿ ಕಟ್ಟಿದ. ಒಲೆಯ ಮೇಲೆ ಏನನ್ನೂ ತೂಗಹಾಕಲಿಲ್ಲ. ವಾರಕ್ಕೊಮ್ಮೆ ಒಲೆ ಆರಿ ತಣಿದ ಮೇಲೆ ಒದ್ದೆ ಹಿಡಿಸೂಡಿಯಿಂದ ಮಸಿ, ಬಲೆ ತೆಗೆಯುವುದು ಅವನ ಪಾಲಿನ ಕೆಲಸವಾಯಿತು. ತಂತಿಗೂ ಗೋಡೆಗೂ ಅಂಟಿದ ನೂಲಿನ ಧೂಳನ್ನು ಪೂವಮ್ಮ ಒರೆಸುತ್ತಿದ್ದಳು. ಒಲೆಯ ಬಳಿ ಒಂದು ಕೊಡಪಾನ ನೀರು ಸದಾ ತುಂಬಿರುತ್ತಿತ್ತು. ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿರಲಿಲ್ಲ.

ಬಾಣಂತನ ಮುಗಿದು, ಅಳಿಯ ದೇರಣ್ಣ ಹೆಂಡತಿ ಮಗುವನ್ನು ಕರೆದೊಯ್ಯಲು ಸುಳ್ಯದಿಂದ ಬಂದ. ಉಂಡು ಎಲೆ ಹಾಕಿಕೊಂಡು ಹೇಳಿದ. "ತೊಟ್ಟಿಲು ಮಾಡಿಸಿ ಇಟ್ಟಿದ್ದೇನೆ ಅತ್ತೆ. ಹಲಸಿನ ಮರದ್ದು."

"ಒಳ್ಳೆದು. ನಿಮ್ಮಲ್ಲಿ ಬಟ್ಟೆ ಎಲ್ಲಿ ಒಣಗಿಸುದು?"

"ಬಟ್ಟೆಯಾ? ಎಲ್ಲರ ಹಾಗೆ. ಒಲೆ ಮೇಲೆ ಅಟ್ಟ ಉಂಟಲ್ಲ."

ತಿಮ್ಮಕ್ಕ ಹೆಗಲಿನ ಸೆರಗು ಸರಿಸಿ ಸುಟ್ಟ ಕಲೆ ತೋರಿಸಿದಳು. ದೇರಣ್ಣ ಎಲೆ ಅಗಿಯುವುದನ್ನು ನಿಲ್ಲಿಸಿದ.

"ಅಳಿಯಂದಿರೇ, ಬೇಸರ ಮಾಡಬೇಡಿ. ನೀವು ಇವತ್ತು ಒಬ್ಬರೇ ಹೋಗಿ. ಅಟ್ಟದ ಬಟ್ಟೆ ಇಳಿಸಿ, ಕರಿ ಗುಡಿಸಿ, ಒಲೆಯ ಹಿಂದಿನ ಗೋಡೆಯ ಆಚೆಗೆ ತಂತಿ ಕಟ್ಟಿ. ಆಮೇಲೆ ಬನ್ನಿ. ಮಗಳನ್ನೂ ಮಗುವನ್ನೂ ನಾನೇ ಬಸ್ಸು ಹತ್ತಿಸಿ ಕಳಿಸ್ತೇನೆ."

"ಊರವರು ಎಂತ ಹೇಳಿಯಾರು ಅತ್ತೆ, ಬರಿಗೈಯಲ್ಲಿ ಹೋದರೆ?"

"ಬರಿಗೈ ಎಂತಕ್ಕೆ? ತಂತಿ ಕೊಡ್ತೇನೆ, ಹಿಡ್ಕೊಂಡು ಹೋಗಿ."

ದೇರಣ್ಣ ಮಾವನ ಮುಖ ನೋಡಿದ. ಕುಕ್ಕಪ್ಪ ಮೆಲ್ಲಗೆ ಎದ್ದು ತಂತಿಯ ಸುರುಳಿ ತರಲು ಹೋದ. ಮುಂದಿನ ವಾರ ದೇರಣ್ಣ ಮತ್ತೆ ಬಂದ. ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ, "ಕಟ್ಟಿ ಆಯ್ತು ಅತ್ತೆ," ಎಂದ. ಆ ದಿನವೇ ಪೂವಮ್ಮ ಮಗುವನ್ನು ಎತ್ತಿಕೊಂಡು ಹೊರಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಟ್ಟೆ ಒಣಗಬೇಕು. ಮಗುವಿಗೆ ಬೆಚ್ಚಗಿನ ಬಟ್ಟೆ ಬೇಕೇ ಬೇಕು. ಒಣಗಿಸಬೇಡಿ ಎಂದು ಯಾರೂ ಹೇಳುವುದಿಲ್ಲ. ಬಟ್ಟೆಗೆ ಬೇಕಾದದ್ದು ಬಿಸಿ ಮತ್ತು ಗಾಳಿ, ಬೆಂಕಿಯಲ್ಲ. ಒಲೆಯ ನೇರ ಮೇಲೆ ಬಟ್ಟೆ ಹಾಕಬೇಡಿ. ಜಿಡ್ಡು ಬಿಡದ ಬಟ್ಟೆಯನ್ನು ಬಿಸಿಯ ಹತ್ತಿರ ತರಬೇಡಿ. ಉರಿಯುವ ಒಲೆಯನ್ನು ಬಿಟ್ಟು ಹೋಗಬೇಡಿ. ನಿಮ್ಮಲ್ಲಿ ಒಲೆಯ ಹಿಂದೆ ಓಣಿ ಇಲ್ಲದಿರಬಹುದು. ಕಿಡಿ ಹಾರಿ ತಲುಪದ, ಬಿದ್ದರೂ ಒಲೆಗೆ ಬೀಳದ ಒಂದು ಜಾಗ ಎಲ್ಲ ಮನೆಯಲ್ಲೂ ಇರುತ್ತದೆ. ಮನೆಯವರೆಲ್ಲ ಸೇರಿ ಹುಡುಕಿ.

ನಾಳೆ ಎನ್ನಬೇಡಿ. ಇದನ್ನು ಓದಿ ಕೇಳಿಸಿದವರೂ ಕೇಳಿದವರೂ ಈಗ ಎದ್ದು ನಿಮ್ಮ ಬಚ್ಚಲಿಗೆ ಹೋಗಿ. ಒಲೆಯ ಮುಂದೆ, ಮಗುವನ್ನು ಮೀಯಿಸಲು ಕೂರುವ ಜಾಗದಲ್ಲಿ, ಕಾಲು ನೀಡಿ ಕೂತುಕೊಳ್ಳಿ. ತಲೆಯೆತ್ತಿ ನೋಡಿ. ಅಲ್ಲಿ ಏನು ತೂಗುತ್ತಿದೆಯೋ ಅದನ್ನು ಇವತ್ತೇ ಇಳಿಸಿ.